ಹೊಲಿಯುವ ಕೈಗೆ ಒಂದು ಕೋಣೆ

(ಹಿರೀಸಾವೆಯಲ್ಲಿ ಹೋಬಳಿಯ ಮಹಿಳಾ ಸ್ವಸಹಾಯ ಸಂಘಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ನೀನು ಬೆಂಗಳೂರಿಗೆ ಹೋಗಿ ಒಂದು ತಿಂಗಳು ಏನು ಮಾಡಿಬಂದೆ ಅಂತ ಎಲ್ಲರೂ ಕೇಳ್ತಾ ಅವರೆ, ಒಂದು ಸಲ ನಿಂತುಕೊಂಡು ಹೇಳಿಬಿಡು’ ಎಂದು ಸಂಘದವರು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಹೇಳುತ್ತೇನೆ. ನಡುವೆ ಕಾನೂನಿನ ಮಾತು ಬರುತ್ತದೆ, ದೂರದ ದೇಶದ ಮಾತು ಬರುತ್ತದೆ, ನಮ್ಮ ತೆಂಗಿನ ನಾರಿನ ಮಾತೂ ಬರುತ್ತದೆ. ಬೇಸರವಾದರೆ ಎದ್ದು ಹೋಗಿ ಟೀ ಕುಡಿದು ಬನ್ನಿ, ನಾನೇನೂ ತಿಳಿದುಕೊಳ್ಳುವುದಿಲ್ಲ.

ಮೊದಲು ಆ ಪದ. ಬೆಂಗಳೂರಿನ ಒಂದು ಕಲಾಕೇಂದ್ರದಿಂದ ಕಾಗದ ಬಂದಾಗ ಅದರಲ್ಲಿ ‘ಟೆಕ್ಸ್‌ಟೈಲ್ ಆರ್ಟಿಸ್ಟ್ ರೆಸಿಡೆನ್ಸಿ’ ಎಂದಿತ್ತು. ನಮ್ಮಣ್ಣ ಎರಡು ಸಲ ಓದಿ ಕಾಗದ ಕೆಳಗಿಟ್ಟ. ‘ಪೇಟೇಲಿ ಲಾಡ್ಜುಗಳಿಗೆಲ್ಲ ರೆಸಿಡೆನ್ಸಿ ಅಂತ ಬೋರ್ಡ್ ಇರ್ತದೆ. ಒಂಟಿ ಹೆಂಗಸು ಒಂದು ತಿಂಗಳು ಲಾಡ್ಜಲ್ಲಿ ಇದ್ದು ಬಂದಳು ಅಂತ ಊರಲ್ಲಿ ಅನ್ನಿಸಿಕೊಳ್ಳೋದು ಬೇಡ’ ಎಂದ. ಅವನು ಕೆಟ್ಟವನಲ್ಲ. ಗಂಡನ ಮನೆ ಬಿಟ್ಟು ಬಂದಾಗ ನನಗೆ ಜಾಗ ಕೊಟ್ಟವನು. ಆದರೆ ಅವನ ಮಾತಿನಲ್ಲಿ ನಮ್ಮೆಲ್ಲರ ಮನೆಯ ಲೆಕ್ಕಾಚಾರ ಇದೆ. ಹೆಂಗಸು ಮನೆಬಿಟ್ಟು ಬೇರೆ ಕಡೆ ಮಲಗಬೇಕಾದರೆ ಕಾರಣ ಬೇಕು. ಬಾಣಂತನ ಆಗಬಹುದು, ಆಸ್ಪತ್ರೆ ಆಗಬಹುದು, ಸಾವು, ಮದುವೆ, ಧರ್ಮಸ್ಥಳ ಆಗಬಹುದು. ‘ನನ್ನ ಕೆಲಸ ಮಾಡಿಕೊಳ್ಳಬೇಕು’ ಎನ್ನುವುದು ಆ ಪಟ್ಟಿಯಲ್ಲಿಲ್ಲ.

ರೆಸಿಡೆನ್ಸಿ ಎಂದರೆ ಇಷ್ಟೇ. ಕೈಯಲ್ಲಿ ಕಸುಬಿರುವವರನ್ನು ಕರೆದು, ಇರಲು ಒಂದು ಕೋಣೆ, ಕೆಲಸ ಮಾಡಲು ಜಾಗ, ಹೊತ್ತಿಗೆ ಸರಿಯಾಗಿ ಊಟ, ಕೆಲವು ಕಡೆ ಖರ್ಚಿಗೆ ಒಂದಿಷ್ಟು ದುಡ್ಡು ಕೊಟ್ಟು, ‘ಇಷ್ಟು ದಿನ ನಿಮಗೆ ತೋಚಿದ್ದು ಮಾಡಿ’ ಎನ್ನುತ್ತಾರೆ. ಇದು ತರಬೇತಿಯಲ್ಲ. ತರಬೇತಿ ನಮಗೆ ಗೊತ್ತು. 1994ರಲ್ಲಿ ಕಾಯರ್ ಬೋರ್ಡ್ ‘ಮಹಿಳಾ ಕಾಯರ್ ಯೋಜನೆ’ ತಂದು, ನೂಲುವುದನ್ನು ಕಲಿತ ಹೆಂಗಸರಿಗೆ ರಾಟೆ ಕೊಳ್ಳಲು ಸಹಾಯಧನ ಕೊಟ್ಟಿತು. ಅದು ಒಳ್ಳೆಯದೇ. ಆದರೆ ತರಬೇತಿಯಲ್ಲಿ ಹುರಿ ಎಷ್ಟು ದಪ್ಪ ಇರಬೇಕು ಎಂದು ಬೇರೆಯವರು ಹೇಳುತ್ತಾರೆ. ರೆಸಿಡೆನ್ಸಿಯಲ್ಲಿ ಹಾಗೆ ಹೇಳುವವರಿರುವುದಿಲ್ಲ.

ಇದು ಹೊಸದೂ ಅಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಲ್ಲಿ ಮೇರಿಯನ್ ಮ್ಯಾಕ್‌ಡೊವೆಲ್ ಎಂಬ ಪಿಯಾನೋ ವಾದಕಿ, ಸಂಗೀತಗಾರನಾದ ತನ್ನ ಗಂಡನ ಜೊತೆ ಸೇರಿ ತಮ್ಮ ತೋಟದಲ್ಲೇ ಇಂಥದೊಂದನ್ನು ಆರಂಭಿಸಿದಳು. ಮಾರನೆಯ ವರ್ಷವೇ ಗಂಡ ತೀರಿಕೊಂಡ. ಆಮೇಲೆ ಹತ್ತಾರು ವರ್ಷ ಅವಳೇ ನಡೆಸಿದಳು. ಅಲ್ಲಿ ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಕೆಲಸದ ಕೋಣೆಯ ಬಾಗಿಲ ಹೊರಗೆ ಸದ್ದಿಲ್ಲದೆ ಇಟ್ಟುಹೋಗುವುದು ಪದ್ಧತಿ. ಒಳಗಿರುವವರು ಏನು ಮಾಡುತ್ತಿದ್ದಾರೆ ಎಂದು ಯಾರೂ ಇಣುಕುವುದಿಲ್ಲ. ಬೆಂಗಳೂರಿನ ಶಾಂತಿನಗರದಲ್ಲಿ ಕಲಾವಿದ ಸುರೇಶ್ ಜಯರಾಮ್ ಆರಂಭಿಸಿದ ‘ಒನ್ ಶಾಂತಿರೋಡ್’ ಕೂಡ ದೇಶವಿದೇಶದ ಕಲಾವಿದರು ಬಂದು ಇದ್ದು ಕೆಲಸ ಮಾಡುವ ಜಾಗವೇ. ಬಟ್ಟೆ, ನೂಲು, ನಾರಿನ ಕೆಲಸದವರಿಗೆಂದೇ ಇರುವ ಜಾಗಗಳಿವೆ. ಐಸ್‌ಲ್ಯಾಂಡ್ ದೇಶದ ಬ್ಲೋಂಡುವೋಸ್ ಎಂಬ ಸಣ್ಣ ಊರಿನಲ್ಲಿ ಹಿಂದೆ ಹುಡುಗಿಯರಿಗೆ ಅಡುಗೆ, ಹೊಲಿಗೆ, ನೇಯ್ಗೆ ಕಲಿಸಿ ಒಳ್ಳೆಯ ಗೃಹಿಣಿಯರನ್ನಾಗಿ ಮಾಡುವ ಶಾಲೆಯಿತ್ತು. ಶಾಲೆ ಮುಚ್ಚಿತು. ಈಗ ಅದೇ ಕಟ್ಟಡದಲ್ಲಿ ಬೇರೆ ಬೇರೆ ದೇಶದ ನೇಯ್ಗೆಯವರು ತಿಂಗಳುಗಟ್ಟಲೆ ಇದ್ದು ತಮ್ಮ ಕೆಲಸ ಮಾಡುತ್ತಾರೆ. ಇದನ್ನು ಕೇಳಿದಾಗ ನನಗೆ ನಮ್ಮ ಮುಚ್ಚಿಹೋದ ಹೊಲಿಗೆ ಕೇಂದ್ರಗಳ ಕಟ್ಟಡಗಳು ನೆನಪಾದವು.

ಈಗ ನನ್ನ ಕೈಗೆ ಬರುತ್ತೇನೆ.

ನನಗೆ ಹೊಲಿಗೆ ಬಂದದ್ದು ನಮ್ಮವ್ವನಿಂದ. ಅವಳು ಹಳೇ ಸೀರೆ, ಚೂರುಬಟ್ಟೆ ಪೇರಿಸಿ ಬೊಂತೆ ಹೊಲಿಯುತ್ತಿದ್ದಳು. ಉತ್ತರದ ಕಡೆ ಅದನ್ನೇ ಕೌದಿ ಅನ್ನುತ್ತಾರೆ. ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಹಣ, ಚಿನ್ನ ಎಲ್ಲ ಹೇಳಿದ ಮೇಲೆ, ‘ಹುಡುಗಿಗೆ ಹೊಲಿಗೆ ಬರ್ತದಂತೆ, ಒಂದು ಮೆಷಿನ್ ಕೊಟ್ಟುಬಿಡಿ, ಅವಳೇ ದುಡ್ಕೋತಾಳೆ’ ಎಂದರು. ನನ್ನ ಕಸುಬು ಅಲ್ಲಿಗೆ ವರದಕ್ಷಿಣೆಯ ಒಂದು ಬಾಬ್ತಾಯಿತು. ಅಪ್ಪ ಎರಡು ತೆಂಗಿನ ಸಾಲಿನ ಫಸಲನ್ನು ಮುಂಗಡ ಮಾರಿ ಮೆಷಿನ್ ತಂದರು. ಹತ್ತು ವರ್ಷ ಆ ಮೆಷಿನ್ ತುಳಿದೆ. ಬಂದ ದುಡ್ಡು ನನ್ನ ಕೈಗೆ ಬಂದದ್ದು ಕಡಿಮೆ, ಬೆನ್ನಿಗೆ ಬಂದದ್ದು ಹೆಚ್ಚು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಇಲ್ಲಿ ಕೂತವರಲ್ಲಿ ಹಲವರಿಗೆ ಹೇಳದೆಯೂ ಗೊತ್ತಾಗುತ್ತದೆ. ಮನೆ ಬಿಟ್ಟಾಗ ಉಟ್ಟ ಸೀರೆಯಲ್ಲಿ ಮಗಳನ್ನು ಎತ್ತಿಕೊಂಡು ಬಂದೆ. ಮೆಷಿನ್ ಅಲ್ಲೇ ಉಳಿಯಿತು.

‘ಅದು ಅವರ ಮನೆಗೆ ಕೊಟ್ಟದ್ದಲ್ವಾ’ ಎಂದು ನಾನೇ ಅಂದುಕೊಂಡಿದ್ದೆ. ಸಂಘದ ಸಭೆಗೆ ಬಂದ ಒಬ್ಬ ವಕೀಲೆ ತಿದ್ದಿದರು. ಮದುವೆಯಲ್ಲಿ, ಮದುವೆಗೆ ಮುಂಚೆ, ಆಮೇಲೆ ಹೆಣ್ಣಿಗೆಂದು ಬಂದ ವಸ್ತು ಅವಳ ಸ್ತ್ರೀಧನ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಗಂಡನ ಮನೆಯಲ್ಲಿದ್ದರೂ ಅದು ಅವಳದೇ, ಇಟ್ಟುಕೊಂಡವರು ಒಪ್ಪಿಸಿದ ವಸ್ತುವನ್ನು ಕಾಯುವವರು ಮಾತ್ರ. ವರದಕ್ಷಿಣೆಯೆಂದು ಕೊಟ್ಟದ್ದಾದರೂ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಅದನ್ನು ಹೆಣ್ಣಿಗೇ ಒಪ್ಪಿಸಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 19ನೇ ಕಲಮಿನಲ್ಲಿ ಸ್ತ್ರೀಧನ ವಾಪಸ್ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ನಾವು ಸಿ.ಡಿ.ಪಿ.ಓ. ಎನ್ನುತ್ತೇವಲ್ಲ ಅವರೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅರ್ಜಿ ಕೊಟ್ಟೆ. ಓಡಾಡಿದೆ. ಚಪ್ಪಲಿ ಸವೆಯಿತು. ಕೊನೆಗೆ ಮೆಷಿನ್ ಬಂತು. ಬೆಲ್ಟ್ ಇರಲಿಲ್ಲ, ಶಟಲ್ ತುಕ್ಕು ಹಿಡಿದಿತ್ತು, ಆದರೂ ಬಂತು. ನಿಮ್ಮ ಮನೆಯಲ್ಲೂ ಮೆಷಿನ್ ಇದ್ದರೆ ಅದರ ರಸೀದಿ ಯಾರ ಹೆಸರಿನಲ್ಲಿದೆ ಎಂದು ಇವತ್ತು ಮನೆಗೆ ಹೋಗಿ ನೋಡಿ. ಒಂದು ನಕಲು ತವರಿನಲ್ಲೋ ಸಂಘದ ಪೆಟ್ಟಿಗೆಯಲ್ಲೋ ಇರಲಿ.

ಹೆಣ್ಣಿನ ಕೈಕೆಲಸ ವರದಕ್ಷಿಣೆಯ ಬಾಬ್ತಾಗುವುದು ನನ್ನೊಬ್ಬಳ ಕಥೆಯಲ್ಲ. ಗುಜರಾತಿನ ಕಛ್‌ನಲ್ಲಿ ರಬಾರಿ ಎಂಬ ಕುರಿ, ಒಂಟೆ ಸಾಕುವ ಜನರಿದ್ದಾರೆ. ಅವರ ಹೆಂಗಸರ ಕಸೂತಿ ಲೋಕಪ್ರಸಿದ್ಧ. ಅವರಲ್ಲಿ ಢೇಬರಿಯಾ ಎಂಬ ಪಂಗಡದ ಹುಡುಗಿ ಗಂಡನ ಮನೆಗೆ ಹೋಗಬೇಕಾದರೆ ತನ್ನ ಕೈಯಾರೆ ಕಸೂತಿ ಹಾಕಿದ ಬಟ್ಟೆ, ಚೀಲ, ತೋರಣಗಳ ರಾಶಿ ಒಯ್ಯಬೇಕಿತ್ತು. ರಾಶಿ ಪೂರ್ತಿಯಾಗದೆ ಕಳಿಸುವಂತಿಲ್ಲ. ಕೇಳುವ ರಾಶಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮೂವತ್ತು ದಾಟಿದರೂ ತವರಿನಲ್ಲೇ ಕೂತು ಸೂಜಿ ಹಿಡಿದ ಹೆಣ್ಣುಮಕ್ಕಳಾದರು. 1995ರಲ್ಲಿ ಆ ಪಂಗಡದ ಹಿರಿಯರು ಸಭೆ ಸೇರಿ, ಇನ್ನು ಮುಂದೆ ನಮ್ಮ ಬಳಕೆಗೆ ಯಾರೂ ಕಸೂತಿ ಹಾಕಕೂಡದು ಎಂದು ನಿಷೇಧಿಸಿಬಿಟ್ಟರು! ನೋಡಿ, ತಪ್ಪು ಕೇಳುವವರದು, ಏಟು ಬಿದ್ದದ್ದು ಸೂಜಿಗೆ. ಹೊರೆ ಇಳಿಯಿತು, ನಿಜ. ಜೊತೆಗೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದಿದ್ದ ವಿದ್ಯೆಯೂ ಕೈಬಿಡುವ ಹಾಗಾಯಿತು.

ಅಲ್ಲಿನ ಹೆಂಗಸರು ಸುಮ್ಮನೆ ಕೂರಲಿಲ್ಲ. ನಿಷೇಧ ಇದ್ದದ್ದು ಕೈಕಸೂತಿಗೆ. ಅಂಗಡಿಯಲ್ಲಿ ಸಿಗುವ ಜರಿಪಟ್ಟಿ, ರಿಬ್ಬನ್ನುಗಳನ್ನು ಬಟ್ಟೆಯ ಮೇಲೆ ಜೋಡಿಸಿ ಹೊಲಿದು ಹೊಸ ಬಗೆಯ ಕೆಲಸ ಹುಟ್ಟಿಸಿದರು. ಅದಕ್ಕೆ ‘ಹರಿ ಜರಿ’ ಎನ್ನುತ್ತಾರೆ. ಅದನ್ನು ಬೆಳೆಸಿದವರಲ್ಲಿ ಪಾಬಿಬೆನ್ ರಬಾರಿ ಮುಖ್ಯರು. ಸಣ್ಣವರಿದ್ದಾಗ ತಂದೆ ಸತ್ತು, ಮನೆಮನೆಗೆ ನೀರು ಹೊತ್ತವರು. ನಾಲ್ಕನೇ ತರಗತಿಗೆ ಓದು ನಿಂತಿತು. ಇವತ್ತು ಅವರ ಹೆಸರಿನಲ್ಲೇ ಚೀಲಗಳು ಮಾರಾಟವಾಗುತ್ತವೆ, ಊರಿನ ಹೆಂಗಸರಿಗೆ ಕೆಲಸವೂ ಸಿಕ್ಕಿದೆ. ಅದೇ ಕಛ್‌ನಲ್ಲಿ 2005ರಲ್ಲಿ ‘ಕಲಾರಕ್ಷಾ ವಿದ್ಯಾಲಯ’ ಶುರುವಾಯಿತು. ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಜೂಡಿ ಫ್ರೇಟರ್ ಎಂಬಾಕೆ ಕಟ್ಟಿದ್ದು. ಕಸುಬುದಾರರು ವರ್ಷದಲ್ಲಿ ಆರು ಸಲ, ಒಂದೊಂದು ಸಲ ಎರಡೆರಡು ವಾರ ಬಂದು ಅಲ್ಲೇ ಉಳಿದು, ಬಣ್ಣ, ವಿನ್ಯಾಸ, ಮಾರುಕಟ್ಟೆ ಎಲ್ಲ ಕಲಿಯಬೇಕಿತ್ತು. ಮಧ್ಯೆ ಮನೆಗೆ ಹೋಗಿ ಕಲಿತದ್ದನ್ನು ಮಾಡಿನೋಡಬೇಕಿತ್ತು. ಗಂಡಸರಿಗೆ ಬೇರೆ ತರಗತಿ, ಹೆಂಗಸರಿಗೆ ಬೇರೆ. ನನಗೆ ಇದರಲ್ಲಿ ಹಿಡಿಸಿದ್ದು ಆ ಎರಡು ವಾರದ ಲೆಕ್ಕ. ವರ್ಷಪೂರ್ತಿ ಬಾ ಎಂದರೆ ಯಾವ ಹೆಂಗಸೂ ಬರಲಾರಳು. ಎರಡು ವಾರ ಎಂದರೆ ಅತ್ತೆಯನ್ನೋ ಅಕ್ಕನನ್ನೋ ಒಪ್ಪಿಸಬಹುದು, ಹಸುವಿಗೆ ಹುಲ್ಲು ಹಾಕುವವರನ್ನೂ ಹುಡುಕಬಹುದು.

ನನಗೆ ಸಿಕ್ಕಿದ್ದು ಒಂದು ತಿಂಗಳು. ಸಂಘದ ತರಬೇತಿಗೆ ಬಂದಿದ್ದ ಒಬ್ಬ ಮೇಡಂ ನನ್ನ ಅಂಗಡಿಯ ಬೆಂಚಿನ ಮೇಲಿದ್ದ ಬೊಂತೆ ನೋಡಿ ಅರ್ಜಿ ಹಾಕಿಸಿದ್ದರು. ಏನು ಮಾಡುತ್ತೀರಿ ಎಂಬ ಕಾಲಮಿನಲ್ಲಿ, ‘ನಮ್ಮ ಸಂಘಗಳ ಹೆಂಗಸರ ಮದುವೆಯ ಬಟ್ಟೆಯ ಒಂದೊಂದು ತುಂಡು ಸೇರಿಸಿ ಬೊಂತೆ ಹೊಲಿಯುತ್ತೇನೆ’ ಎಂದು ಬರೆಸಿದೆ. ನಲವತ್ತೊಂದು ಜನ ತುಂಡು ಕೊಟ್ಟಿರಿ. ಧಾರೆ ಸೀರೆಯ ಸೆರಗು ಬಂತು, ಕುಪ್ಪಸದ ತೋಳು ಬಂತು. ಬೀಗಿತ್ತಿಗೆಂದು ತಂದು, ‘ಈ ಬಣ್ಣ ನಮಗಾಗಲ್ಲ’ ಎಂದು ಮುಖದ ಮೇಲೆ ಎಸೆಸಿಕೊಂಡ ಸೀರೆ ಬಂತು. ಒಬ್ಬಾಕೆ ಗಂಡಿಗೆ ಕೊಟ್ಟ ಸೂಟ್ ಪೀಸಿನ ಅಂಚು ತಂದಳು. ‘ಇದರ ಸಾಲ ನಮ್ಮಪ್ಪ ಸತ್ತ ಮೇಲೂ ತೀರಿರಲಿಲ್ಲ, ಅವನು ಇದನ್ನ ಒಂದು ದಿನಾನೂ ಹಾಕಲಿಲ್ಲ’ ಎಂದಳು.

ಹೋದೆ. ಹೋಗುವ ಮುಂಚೆ ಫೋನಿನಲ್ಲಿ ಕೇಳಿದ್ದನ್ನು ನಿಮಗೂ ಹೇಳುತ್ತೇನೆ, ನಾಳೆ ನಿಮ್ಮಲ್ಲಿ ಯಾರಾದರೂ ಹೋಗುವಾಗ ಬೇಕಾಗುತ್ತದೆ. ಕೋಣೆಗೆ ಒಳಗಿನಿಂದ ಚಿಲಕ ಇದೆಯೇ? ಬಸ್ ಚಾರ್ಜು ಯಾರದು? ಮಗಳು ರಜೆಯಲ್ಲಿ ಬಂದು ಎರಡು ದಿನ ಇರಬಹುದೇ? ಮಾಡಿದ ವಸ್ತು ಆಮೇಲೆ ಯಾರದು? ಫೋಟೋ ತೆಗೆದರೆ ಎಲ್ಲಿ ಹಾಕುತ್ತೀರಿ? ‘ಇದನ್ನೆಲ್ಲ ಯಾರೂ ಕೇಳೋದಿಲ್ಲ’ ಎಂದು ಆ ಕಡೆಯವರು ನಕ್ಕರು. ಕೇಳಿದ್ದಕ್ಕೆ ಉತ್ತರವನ್ನು ಕಾಗದದಲ್ಲಿ ಕಳಿಸಿದರು, ಅದನ್ನು ಮೆಚ್ಚಬೇಕು. ಕೆಲವು ಜಾಗಗಳಲ್ಲಿ ಇರಲು ನಾವೇ ದುಡ್ಡು ಕಟ್ಟಬೇಕಾಗುತ್ತದಂತೆ. ಅಂಥ ಕಡೆ ನಮ್ಮಂಥವರು ಹೋಗುವುದು ಕಷ್ಟ.

ಮೊದಲ ನಾಲ್ಕು ದಿನ ನಾನು ಏನೂ ಮಾಡಲಿಲ್ಲ. ನಾಚಿಕೆಯಿಂದ ಹೇಳುತ್ತಿದ್ದೇನೆ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರ. ಬೇರೆಯವರು ಏಳುವುದು ಎಂಟಕ್ಕೆ. ಎದ್ದು ಪಡಸಾಲೆ ಗುಡಿಸಿದೆ, ಅಂಗಳಕ್ಕೆ ನೀರು ಹಾಕಿದೆ, ಅಡುಗೆಮನೆಗೆ ಹೋಗಿ ಪಾತ್ರೆಗೆ ಕೈಹಾಕಿದೆ. ಅಡುಗೆಯ ಅಮ್ಮ ಮಾಗಡಿ ಕಡೆಯವರು. ಮೂರನೇ ದಿನ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ‘ನನ್ನ ಸಂಬಳ ನೀನು ತಿನ್ನಬೇಡ ಕಣಮ್ಮ, ಹೋಗಿ ಕೂತ್ಕೊ’ ಎಂದರು. ಕೂತೆ. ಎದುರಿಗೆ ದೊಡ್ಡ ಮೇಜು, ಒಳ್ಳೆಯ ಬೆಳಕು, ನಲವತ್ತೊಂದು ತುಂಡು. ಕೈ ಆಡಲಿಲ್ಲ. ‘ಸಾಯಂಕಾಲಕ್ಕೆ ಬೇಕು’ ಎನ್ನುವವರಿಲ್ಲ, ಅಳತೆ ಇಲ್ಲ, ‘ಕುಪ್ಪಸ ಬಿಗಿ ಆಯ್ತು’ ಎಂದು ಬೈಯುವವರಿಲ್ಲ. ಯಾರಿಗೂ ಬೇಡದ್ದನ್ನು ಹೇಗೆ ಹೊಲಿಯುವುದು? ಐದನೇ ದಿನ ಸುಮ್ಮನೆ ಎರಡು ತುಂಡು ಪಕ್ಕಪಕ್ಕ ಇಟ್ಟೆ, ಆ ಸೂಟ್ ಪೀಸು, ಆ ಎಸೆದ ಸೀರೆ. ಆಮೇಲೆ ಊಟದ ಹೊತ್ತು ಗೊತ್ತಾಗಲಿಲ್ಲ. ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಊಟದ ಹೊತ್ತು ಮರೆತದ್ದು ಅದೇ ಮೊದಲು.

ಪಕ್ಕದ ಕೋಣೆಯಲ್ಲಿದ್ದ ಬಂಗಾಳದ ಹುಡುಗಿ ಸೆಣಬಿನ ಹುರಿಯಲ್ಲಿ ಗಂಟು ಹಾಕುತ್ತಿದ್ದಳು. ಅವಳು ನನಗೆ ಮೃಣಾಲಿನಿ ಮುಖರ್ಜಿಯವರ ಚಿತ್ರಗಳ ಪುಸ್ತಕ ತೋರಿಸಿದಳು. 1949ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಆಕೆ ಬಣ್ಣ ಹಾಕಿದ ಹಗ್ಗವನ್ನು ಕೈಯಲ್ಲೇ ಗಂಟು ಕಟ್ಟಿ ಕಟ್ಟಿ ಆಳೆತ್ತರದ ದೇವತೆಯಂಥ ಆಕಾರಗಳನ್ನು ಮಾಡಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2019ರಲ್ಲಿ ಅವರ ಕೆಲಸದ ದೊಡ್ಡ ಪ್ರದರ್ಶನ ಮಾಡಿತು. ನನಗೆ ತಕ್ಷಣ ಕಂಡದ್ದು ನಮ್ಮ ನಾರಿನ ಗೋದಾಮು. ಕಾಯಿಮಟ್ಟೆಯ ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿ ದಿನಗೂಲಿಗೆ ಹೋಗುವವರು ನೀವು. ಹಗ್ಗ ಹೊಸೆಯುವ ಕೈ, ಗಂಟು ಹಾಕುವ ಕೈ ನಮ್ಮಲ್ಲಿ ಎಷ್ಟು ಬೇಕಾದರೂ ಇದೆ. ಅದನ್ನು ಇಟ್ಟುಕೊಂಡು ಕೂರಲು ಒಂದು ಜಾಗ, ಒಂದಷ್ಟು ಹೊತ್ತು ಇಲ್ಲ.

ಕೊನೆಯ ವಾರ ಪ್ರದರ್ಶನ. ಹಿಂದಿನ ರಾತ್ರಿ ಎಂಟು ಗಂಟೆಗೆ ನಮ್ಮವಳೊಬ್ಬಳ ಫೋನು. ಹೆಸರು ಹೇಳುವುದಿಲ್ಲ. ‘ಅಕ್ಕ, ನಂದು ಬಿಚ್ಚಿಬಿಡು. ನಮ್ಮ ನಾದಿನಿ ಬೆಂಗಳೂರಲ್ಲೇ ಅವಳೆ. ಆ ಸೀರೆ ಅವಳಿಗೆ ಗುರುತು ಸಿಗ್ತದೆ.’ ನನಗೆ ಇದು ಹೊಳೆದೇ ಇರಲಿಲ್ಲ. ಹೆಸರು ಬರೆಯುವುದಿಲ್ಲ, ಆದ್ದರಿಂದ ಯಾರಿಗೂ ತೊಂದರೆ ಇಲ್ಲ ಎಂದುಕೊಂಡಿದ್ದೆ. ನಮ್ಮ ಊರುಗಳಲ್ಲಿ ಬಟ್ಟೆಯೇ ಹೆಸರು. ಯಾರ ಮದುವೆಗೆ ಯಾರು ಯಾವ ಅಂಚಿನ ಸೀರೆ ಉಟ್ಟಿದ್ದರು ಎಂದು ಇಪ್ಪತ್ತು ವರ್ಷ ಆದರೂ ಹೇಳುತ್ತೇವೆ. ಅವಳು ಇವತ್ತಿಗೂ ಆ ಮನೆಯಲ್ಲೇ ಇದ್ದಾಳೆ, ರಾತ್ರಿ ಆ ಮನೆಯಲ್ಲೇ ಮಲಗಬೇಕು.

ಬಿಚ್ಚಿದೆ. ನಾಲ್ಕು ಪದರ ಸೇರಿಸಿ ಒತ್ತಾಗಿ ಹೊಲಿದದ್ದು, ಬ್ಲೇಡು ಹಿಡಿದು ಒಂದೊಂದೇ ನೂಲು ಬಿಡಿಸುವಾಗ ರಾತ್ರಿ ಎರಡಾಯಿತು. ಬೇರೆ ತುಂಡು ಹಾಕಲು ಹೊತ್ತಿರಲಿಲ್ಲ. ಅಲ್ಲಿ ಕೆಳಗಿನ ಹಳೇ ಪಂಚೆ ಹಾಗೇ ಬೆಳ್ಳಗೆ ಕಾಣುತ್ತಿತ್ತು. ಮಾರನೆಯ ದಿನ ನೋಡಲು ಬಂದ ಒಬ್ಬರು ‘ಈ ಖಾಲಿ ಜಾಗವೇ ಇಡೀ ಕೃತಿಯ ಜೀವ’ ಎಂದರು. ನನಗೆ ಮೈ ಉರಿಯಿತು. ಒಬ್ಬ ಹೆಂಗಸಿನ ಭಯ ಅದು, ಕೃತಿಯ ಜೀವವಂತೆ!

ಆಮೇಲೆ ಅಲ್ಲಿದ್ದ ಒಬ್ಬ ಉಪನ್ಯಾಸಕಿ ಚಿಲಿ ದೇಶದ ಸಂಗತಿ ಹೇಳಿದರು. 1973ರಲ್ಲಿ ಅಲ್ಲಿ ಸೈನ್ಯದವರು ಸರ್ಕಾರ ಕಿತ್ತುಕೊಂಡ ಮೇಲೆ ಸಾವಿರಕ್ಕೂ ಹೆಚ್ಚು ಜನ ಕಾಣೆಯಾದರು. ಅವರ ತಾಯಂದಿರು, ಹೆಂಡಂದಿರು ಚರ್ಚಿನವರ ಆಸರೆಯಲ್ಲಿ ಕೂತು, ಗೋಣಿತಾಟಿನ ಮೇಲೆ ಚೂರುಬಟ್ಟೆ ಜೋಡಿಸಿ ಮನೆಗೆ ಬಾರದ ಮಗ, ಬೀದಿಯ ಪೊಲೀಸು, ಖಾಲಿ ತಟ್ಟೆ ಎಲ್ಲವನ್ನೂ ಚಿತ್ರವಾಗಿ ಹೊಲಿದರು. ಅವು ಗುಟ್ಟಾಗಿ ಹೊರದೇಶಗಳಿಗೆ ಹೋಗಿ ಅಲ್ಲಿನ ಜನರಿಗೆ ಸುದ್ದಿ ಮುಟ್ಟಿಸಿದವು. ಹೊಲಿದವರು ಹೆಸರು ಹಾಕುತ್ತಿರಲಿಲ್ಲ, ಹಾಕಿದರೆ ಜೀವಕ್ಕೆ ಅಪಾಯ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1990ರಲ್ಲಿ ಹೊಡೆತ ತಿಂದ ಹೆಂಗಸರು ಅಂಗಿಗಳ ಮೇಲೆ ತಮ್ಮ ಮಾತು ಬರೆದು ಊರ ನಡುವೆ ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿದರು. ಮೊದಲ ಸಲ ಮೂವತ್ತೊಂದು ಅಂಗಿ. ದೌರ್ಜನ್ಯದಿಂದ ಸತ್ತವಳಿಗೆ ಬಿಳಿ, ಪೆಟ್ಟು ತಿಂದವಳಿಗೆ ಹಳದಿ ಎಂದು ಬಣ್ಣಗಳಿದ್ದವು. ಅಂಗಿ ಎಲ್ಲರ ಹತ್ತಿರವೂ ಒಂದೇ ಥರದ್ದು, ಯಾರದೆಂದು ಗುರುತು ಹತ್ತುವುದಿಲ್ಲ. ನಮ್ಮ ಧಾರೆ ಸೀರೆಯಲ್ಲಿ ಆ ಅನುಕೂಲವಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ತಪ್ಪು ನನ್ನದು.

ಹೆಸರು ಹಾಕಬೇಕಾದ ಕಡೆ ಹಾಕಲೇಬೇಕು, ಅದೂ ಇದೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳಿವೆ. ಮೂಲೆಗಳಲ್ಲಿ ಮೂರು ಮೂಲೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ‘ಫುಲ’ ಮಾಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಅದನ್ನು ನೋಡಿ ಬೆರಗಾಗಿ, ಆ ಹೆಂಗಸರು ಸಹಕಾರಿ ಕಟ್ಟಿಕೊಳ್ಳಲು ಜೊತೆಯಾದರು. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಮಗುವಿಗೆ ಹೊದಿಸಲು ಹೊಲಿದದ್ದು ಗೋಡೆಯ ಮೇಲೆ ಹೋಯಿತು. ಹೊಲಿದವಳಿಗೆ ಅದರಿಂದ ಗೌರವ, ದುಡ್ಡು ಎರಡೂ ಬರಬೇಕಾದರೆ ಅದು ಇಂಥವಳ ಕೆಲಸ ಎಂದು ಬರೆದಿರಲೇಬೇಕು. ಹೆಸರು ಹಾಕುವುದೋ ಬಿಡುವುದೋ ಹೊಲಿದವಳು ಹೇಳಬೇಕು. ಇದರಲ್ಲಿ ಸಂಘಕ್ಕೂ ಕಲಾಕೇಂದ್ರಕ್ಕೂ ಅಧಿಕಾರವಿಲ್ಲ ಎಂದು ನನ್ನ ಅಭಿಪ್ರಾಯ.

ಆ ಬೊಂತೆಗೆ ಒಬ್ಬರು ನಲವತ್ತು ಸಾವಿರ ಕೊಡುತ್ತೇನೆ ಎಂದರು. ನಾನು ಮಾರಲಿಲ್ಲ. ಅದು ನನ್ನದೊಬ್ಬಳದಲ್ಲ, ಕೇಳಿ ಹೇಳುತ್ತೇನೆ ಎಂದು ಬಂದೆ. ಇಲ್ಲಿ ಜಗಳವಾಯಿತು, ನಿಮಗೆಲ್ಲ ನೆನಪಿದೆ. ‘ನಲವತ್ತು ಜನಕ್ಕೆ ಸಾವಿರ ಸಾವಿರ ಬರ್ತಿತ್ತು, ಕಳೆದಳು’ ಎಂದವರಿದ್ದೀರಿ. ಅವರ ಮಾತು ಸುಳ್ಳಲ್ಲ. ಸಾವಿರ ರೂಪಾಯಿ ಎಂದರೆ ನಾರಿನ ಗೋದಾಮಿನಲ್ಲಿ ಎಷ್ಟು ದಿನದ ಕೂಲಿ ಎಂದು ನನಗೂ ಗೊತ್ತು. ಹೊಲಿದ ಒಂದು ತಿಂಗಳ ಕೆಲಸಕ್ಕೆ ನನ್ನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ, ಅದೂ ನನಗೆ ನೋವಾಯಿತು. ಆ ಲೆಕ್ಕ ಇನ್ನೂ ಮುಗಿದಿಲ್ಲ. ಸದ್ಯ ಬೊಂತೆ ಸಂಘದ ಪೆಟ್ಟಿಗೆಯಲ್ಲಿದೆ. ಬಿಚ್ಚಿದ ತುಂಡನ್ನು ಅವಳಿಗೇ ಕೊಟ್ಟೆ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರೆಸಿಡೆನ್ಸಿ ಆಶ್ರಯಧಾಮವಲ್ಲ. ಹೊಡೆತ ತಾಳಲಾರದೆ ಓಡಬೇಕಾದವಳು ಅರ್ಜಿ ಹಾಕಿ ಕಾಯುತ್ತಾ ಕೂರಬಾರದು. ಅವಳು ಮೊದಲು 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಬೇಕು, ಸಿ.ಡಿ.ಪಿ.ಓ. ಹತ್ತಿರ ಹೋಗಬೇಕು, ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಬೇಕು, ನಮ್ಮ ಬಾಗಿಲನ್ನಂತೂ ಎಷ್ಟು ಹೊತ್ತಿನಲ್ಲಾದರೂ ತಟ್ಟಬೇಕು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಹಿಂದೆ 498-ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳು ಅದರ ಜಾಗದಲ್ಲಿವೆ. ಠಾಣೆಯಲ್ಲಿ ‘498 ಈಗ ಇಲ್ಲಮ್ಮ’ ಎಂದು ಯಾರಾದರೂ ಹೇಳಿ ಕಳಿಸಿದರೆ ಈ ಎರಡು ಅಂಕಿ ಹೇಳಿ.

ಹಾಗಾದರೆ ರೆಸಿಡೆನ್ಸಿ ಯಾತಕ್ಕೆ? ಆಶ್ರಯಧಾಮದಲ್ಲಿ ಹೆಣ್ಣನ್ನು ಏಟು ತಿಂದವಳು ಎಂದು ಒಳಗೆ ಬಿಟ್ಟುಕೊಳ್ಳುತ್ತಾರೆ. ಬಾಣಂತನಕ್ಕೆ ಹೋದರೆ ಹೆತ್ತವಳು ಎಂದು. ನನ್ನನ್ನು ಆ ತಿಂಗಳು ಹೊಲಿಯುವವಳು ಎಂದು ಬಿಟ್ಟುಕೊಂಡಿದ್ದರು. ವಾಪಸ್ ಬಂದ ಮೇಲೆ ಅಣ್ಣ ಒಂದು ದಿನ ಅಂಗಡಿಗೆ ಬಂದು ನಿಂತು, ‘ಅಲ್ಲಿ ಏನು ಹೊಲಿದೆ, ತೋರಿಸು’ ಎಂದ. ಬೊಂತೆ ಹರಡಿದೆ. ತುಂಬಾ ಹೊತ್ತು ನೋಡಿದ. ಅಪ್ಪ ಮೆಷಿನ್ನಿಗಾಗಿ ಯಾವ ಸಾಲಿನ ಮರಗಳ ಫಸಲು ಮಾರಿದ್ದರು ಎಂದು ಹೇಳಿ ಹೋದ. ನನಗೆ ಅದು ಗೊತ್ತಿರಲಿಲ್ಲ.

ಈಗ ನನ್ನ ಕೇಳಿಕೆ. ಹಸುವಿಗೆ ಸಾಲ ಕೊಡುತ್ತೇವೆ, ಮೆಷಿನ್ನಿಗೆ, ಮಗಳ ಮದುವೆಗೆ ಕೊಡುತ್ತೇವೆ. ನಮ್ಮ ಪುಸ್ತಕದಲ್ಲಿ ಹೆಂಗಸಿನ ಹೊತ್ತಿಗೆ ಒಂದು ಕಾಲಮಿಲ್ಲ. ಇದನ್ನು ಖಜಾಂಚಿಯವರ ಹತ್ತಿರ ಎತ್ತಿದಾಗ ‘ಹೊತ್ತಿಗೆ ಬಡ್ಡಿ ಯಾರವ್ವ ಕಟ್ಟೋರು?’ ಎಂದರು. ಸರಿಯಾದ ಪ್ರಶ್ನೆಯೇ. ಆದ್ದರಿಂದ ಸಾಲ ಬೇಡ, ಪಾಳಿ ಮಾಡೋಣ ಎನ್ನುತ್ತೇನೆ. ರಾಗಿ ಒಕ್ಕಣೆ ಮುಗಿದ ಮೇಲೆ ಸಂಘದ ಕಟ್ಟಡದ ಹಿಂದಿನ ಕೋಣೆಯನ್ನು ಖಾಲಿ ಮಾಡೋಣ. ಅಲ್ಲಿರುವುದು ಹಳೇ ಕುರ್ಚಿ, ಬ್ಯಾನರು ಅಷ್ಟೇ. ಬೀಗ ಹೊಸದು ಹಾಕೋಣ. ಒಬ್ಬಳಿಗೆ ಹತ್ತು ದಿನ. ನಾರಿನ ಕೆಲಸದವಳಾಗಲಿ, ಬೊಂತೆಯವಳಾಗಲಿ, ಮಣಿ ಪೋಣಿಸುವವಳಾಗಲಿ. ರಾತ್ರಿ ಉಳಿಯಲು ಮನೆಯವರು ಒಪ್ಪದಿದ್ದರೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಬರಲಿ, ಅಷ್ಟಾದರೂ ಆಗಲಿ. ಅವಳ ಹಸು, ಅವಳ ನೀರು, ಅವಳ ಮಕ್ಕಳ ಊಟವನ್ನು ಉಳಿದವರು ಹಂಚಿಕೊಳ್ಳಬೇಕು. ಮಗ್ಗ ನೋಡಬೇಕು ಎನ್ನುವವಳನ್ನು ಮೇಲುಕೋಟೆಗೆ ಕರೆದುಕೊಂಡು ಹೋಗುತ್ತೇನೆ. 1960ರಲ್ಲಿ ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆ ಕೆಲಸ ಬೆಳೆಸಿದ್ದು ಅಲ್ಲೇ. ನಮಗೆ ದೂರವೇನಲ್ಲ.

ಮೊದಲ ಪಾಳಿ ಯಾರದು ಎಂದು ಚೀಟಿ ಎತ್ತುವುದು ಬೇಡ. ಯಾರಿಗೆ ಮನೆಯಲ್ಲಿ ಹೆಚ್ಚು ಕಷ್ಟವೋ ಅವಳಿಗೆ ಮೊದಲು ಎಂದು ಕೆಲವರು ಹೇಳುತ್ತಿದ್ದಾರೆ, ನಾನು ಅದನ್ನೂ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಆ ಕೋಣೆಗೆ ಹೋದವಳನ್ನು ಊರೆಲ್ಲ ಬೆರಳು ಮಾಡಿ ತೋರಿಸುತ್ತದೆ. ಯಾರ ಕೈಯಲ್ಲಿ ಅರ್ಧಕ್ಕೆ ನಿಂತ ಕೆಲಸ ಇದೆಯೋ ಅವಳು ಹೋಗಲಿ.

ಮಧ್ಯಾಹ್ನದ ಊಟದ ಡಬ್ಬಿ ತರುವವರು ಇವತ್ತೇ ಹೆಸರು ಕೊಡಿ, ಹತ್ತು ಜನ ಬೇಕು. ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಬಂದುಬಿಡಬೇಕು. ಒಳಗೆ ಹೋಗಿ ‘ಏನವ್ವ ಮಾಡ್ತಿದ್ದೀಯ, ಎಲ್ಲಿ ತೋರ್ಸು’ ಅನ್ನುವವರು ದಯವಿಟ್ಟು ಹೆಸರು ಕೊಡಬೇಡಿ.